ಸಹಿಗೆ ಮನೆಮನೆಗೆ ಹೋದ ನಡಾವಳಿ ಪುಸ್ತಕ

ಜೂನ್ ೧೭, ಮಂಗಳವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ಜಾಗ ಅರಸೀಕೆರೆ, ಗಂಡನ ಮನೆಯ ಮಹಡಿ ಕೋಣೆ. ಕೆಳಗೆ ಕೊಬ್ಬರಿ ಒಡೆಯುವ ಸದ್ದು ನಡೆದೇ ಇದೆ.

ನನಗೆ ಮೂವತ್ತಮೂರು ವರ್ಷ. ಈ ವಯಸ್ಸಿಗೇ ‘ನಿವೃತ್ತಿಯಾದ ಮೇಲೆ’ ಎಂದು ಬರೆಯಹೊರಟರೆ ಮನೆಯಲ್ಲಿ ನಗುತ್ತಾರೆ. ಆದರೆ ನಾನು ಮಾಡಿದ್ದು ಒಂದೇ ಕೆಲಸ, ಅದು ಮುಗಿಯಿತು. ಮಾದಿಹಳ್ಳಿಯಿಂದ ಹಳೇಬೀಡಿನ ಕಡೆಗೆ ಹೋಗುವಾಗ ಸಿಗುವ ಒಂದು ಊರಿನಲ್ಲಿ, ನನ್ನ ಹುಟ್ಟೂರಿನಲ್ಲಿ, ಮಹಿಳೆಯರ ಹಾಲಿನ ಸಂಘಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಮದುವೆಯಾಗಿ ಇಲ್ಲಿಗೆ ಬರುವ ಮುಂಚೆ ಸಂಘದ ಬೀಗದ ಕೈಯನ್ನು ಹೊಸ ಕಾರ್ಯದರ್ಶಿ ಚೈತ್ರಾಗೆ ಕೊಟ್ಟೆ. ಅವಳಿಗೆ ಇಪ್ಪತ್ತೊಂದು. ಕೆಲಸ ಹೇಗಿರುತ್ತದೆ ಎಂದು ಅವಳು ಕೇಳಿದಾಗ ಬಸ್ಸಿನ ಹೊತ್ತಾಗಿತ್ತು, ಅವಸರದಲ್ಲಿ ಏನೋ ಹೇಳಿದೆ. ಸರಿಯಾದ ಉತ್ತರ ಇದು.

ವರ್ಷಕ್ಕೊಂದರಂತೆ ಹನ್ನೊಂದು ದಿನಚರಿ ಪುಸ್ತಕಗಳು ನನ್ನ ಹತ್ತಿರ ಇವೆ. ಅವುಗಳ ಪ್ರಕಾರ ನಾನು ಹಾಲು ಅಳೆದದ್ದು, ರಜೆ ಕಳೆದು, ಏಳು ಸಾವಿರದ ಎಂಟುನೂರ ಹನ್ನೆರಡು ಹೊತ್ತು. ಬೆಳಗ್ಗೆ ಆರಕ್ಕೆ ಒಂದು ಹೊತ್ತು, ಸಂಜೆ ಐದೂವರೆಗೆ ಒಂದು. ಹಾಲು ಹಾಕುವವರು ಹೆಚ್ಚೆಂದರೆ ಅರವತ್ತೆಂಟು ಜನ, ಕಡಿಮೆಯೆಂದರೆ ನಲವತ್ತೊಂದು.

ಮೊದಲನೇ ತಿಂಗಳು ಮಾಡಿದ ತಪ್ಪನ್ನು ಮೊದಲು ಬರೆಯುತ್ತೇನೆ, ಚೈತ್ರಾ ಮಾಡದಿರಲಿ ಎಂದು. ನಿಂತ ಹಾಲಿನಲ್ಲಿ ಕೊಬ್ಬು ಮೇಲಕ್ಕೆ ಬರುತ್ತದೆ. ಮಾದರಿ ತೆಗೆಯುವ ಮುಂಚೆ ಕಲಕಬೇಕು. ಒಂದು ಬೆಳಗ್ಗೆ ನಾನು ಕಲಕದೆ ಮೇಲಿಂದಲೇ ತೆಗೆದುಬಿಟ್ಟೆ. ಅದು ಅಧ್ಯಕ್ಷೆ ಜಯಕ್ಕನ ಹಾಲು. ಕೊಬ್ಬು ಎಮ್ಮೆ ಹಾಲಿನಷ್ಟು ಬಂತು. ಮಾರನೇ ದಿನ ಕಲಕಿ ತೆಗೆದೆ, ಎಂದಿನಷ್ಟಕ್ಕೆ ಇಳಿಯಿತು. ಜಯಕ್ಕನ ಗಂಡ ಬಸವರಾಜಣ್ಣ ಚೀಟಿ ಹಿಡಿದುಕೊಂಡು ಬಂದರು.

“ಏನವ್ವ ಸವಿತಾ, ನಿನ್ನೆ ನಮ್ಮನೇಲಿ ಎಮ್ಮೆ ಇತ್ತಾ? ರಾತ್ರಿಗೆ ಹಸ ಆಗ್ಬಿಡ್ತಾ?” ಎಂದು ಕೇಳಿದರು.

ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಒಂದು ವರ್ಷ ಜಯಕ್ಕನ ಹಸುವಿಗೆ ಊರಲ್ಲಿ ‘ಎಮ್ಮೆ’ ಎಂದೇ ಹೆಸರು. ಬಸವರಾಜಣ್ಣ ಕೆಟ್ಟವರಲ್ಲ. ಸಂಘದ ಚಾವಣಿ ಸೋರಿದರೆ ತಾವೇ ಏಣಿ ತಂದು ಹತ್ತುವವರು. ಅವರದು ಒಂದೇ ತೊಂದರೆ: ಮಹಿಳಾ ಸಂಘದ ಸಭೆಗೆ ಜಯಕ್ಕನ ಜೊತೆ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಮಾತು ಶುರುಮಾಡುತ್ತಿದ್ದರು.

ನನಗೆ ಕೆಲಸ ಕಲಿಸಿದವರು ಹಿಂದಿನ ಕಾರ್ಯದರ್ಶಿ ಶಾರದಕ್ಕ. ಹಾಲಿನ ಬಣ್ಣ ನೋಡಿ ಯಾರ ಮನೆಯದೆಂದು ಹೇಳುತ್ತಿದ್ದರು. ನಾನು ಅನುಮಾನಪಟ್ಟು ಒಂದು ವಾರ ಗುರುತು ಹಾಕಿದೆ. ನಲವತ್ತರಲ್ಲಿ ಮೂವತ್ತೊಂದು ಸರಿ ಇತ್ತು. ಸಭೆ ನಡೆಸುವುದನ್ನೂ ಅವರೇ ಕಲಿಸಿದರು. ನಿಜ ಹೇಳಬೇಕೆಂದರೆ, ನಡೆಸದಿರುವುದನ್ನು. ನಿರ್ದೇಶಕಿಯರು ಒಂಬತ್ತು ಜನ. ಕಳೆ, ನಾಟಿ, ಕುಯ್ಲು, ಮನೆಯಲ್ಲಿ ಹುಷಾರಿಲ್ಲದವರು, ಹೀಗೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಆಗ ನಿರ್ಣಯವನ್ನು ಮೊದಲೇ ಬರೆದು, ನಡಾವಳಿ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದು. ಶಾರದಕ್ಕ ಇದನ್ನು ಕದ್ದು ಮಾಡುತ್ತಿರಲಿಲ್ಲ. ಎಲ್ಲ ಸಂಘಗಳಲ್ಲೂ ಹೀಗೇ ಎನ್ನುತ್ತಿದ್ದರು. ಹಗರೆ ಕಡೆಯ ಸಂಘದವರನ್ನು ಕೇಳಿದೆ, ಅವರೂ ಹೂಂ ಎಂದರು. ಯಾರಿಗೂ ಅದರಲ್ಲಿ ಮೋಸ ಕಾಣುತ್ತಿರಲಿಲ್ಲ. ಕೆಲಸದ ನಡುವೆ ಅವರನ್ನು ಎಬ್ಬಿಸದೆ ನಾವೇ ಹೋಗುತ್ತೇವಲ್ಲ ಎನ್ನುವ ಒಳ್ಳೆಯತನವೇ ಕಾಣುತ್ತಿತ್ತು.

ಎರಡನೇ ವರ್ಷ ಬೇಲೂರಿನಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಆಯಿತು. ನಮ್ಮ ಸಂಘಗಳನ್ನು ನೋಡಿಕೊಳ್ಳುವ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ಹ್ಯಾವ್ ಎ ಸೇ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಪ್ರತಿಯೊಬ್ಬ ಸದಸ್ಯೆಗೂ ಸಂಘದಲ್ಲಿ ಒಂದು ‘ಸೇ’ ಇರಬೇಕು ಎಂದರು. ಅವರು ಆ ಮಾತನ್ನು ದಿನದಲ್ಲಿ ಎಷ್ಟು ಸಲ ಹೇಳಿದರೆಂದು ಗುರುತು ಹಾಕುತ್ತಾ ಹೋದೆ, ಹದಿನಾಲ್ಕು. ನಮ್ಮನ್ನು ಅವರು ಕೇಳಿದ ಪ್ರಶ್ನೆ ಒಂದು: “ಎಲ್ಲರದೂ ಊಟ ಆಯ್ತಾ?” ಹಾಸ್ಯಕ್ಕೆ ಬರೆದದ್ದಲ್ಲ, ಪುಸ್ತಕದಲ್ಲಿ ಹಾಗೇ ಇದೆ. ಆ ಸರ್ ನಿಜಕ್ಕೂ ಒಳ್ಳೆಯವರು. ಮಳೆಯಲ್ಲಿ ಬೈಕಿನಲ್ಲಿ ಬಂದು ಕೆಟ್ಟ ಯಂತ್ರ ಸರಿಮಾಡಿಸಿ ಹೋಗುತ್ತಿದ್ದರು.

ಆ ಮಾತು ನನಗೆ ಅಂಟಿಕೊಂಡಿತು. ದಿನಾ ನಾಲ್ಕೂಕಾಲಿಂದ ಐದೂಕಾಲರವರೆಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಇದನ್ನೂ ಹೇಳಿಕೊಟ್ಟೆ. ಬರೀ ಬಾಯಿ ಬಿಟ್ಟು ಮಾತಾಡುವುದಲ್ಲ, ತೀರ್ಮಾನವಾಗುವಾಗ ನಿಮ್ಮ ಮಾತಿಗೂ ತೂಕ ಇರುವುದು ಎಂದು ಅರ್ಥ ಹೇಳಿ, ವಾಕ್ಯ ಮಾಡಿ ಎಂದೆ. ನಮ್ಮ ನಾಯಿಗೆ ಮನೆಯೊಳಗೆ ಯಾರು ಬರಬೇಕೆನ್ನುವುದರಲ್ಲಿ ಸೇ ಇದೆ ಎಂದು ಒಬ್ಬ ಬರೆದ. ಅಮ್ಮನಿಗೆ ಸಾರಿನ ಉಪ್ಪಿನಲ್ಲಿ ಸೇ ಇದೆ, ಅಕ್ಕನ ಮದುವೆಯಲ್ಲಿ ಇಲ್ಲ ಎಂದು ಒಬ್ಬಳು ಬರೆದಳು. ಎರಡಕ್ಕೂ ಸರಿ ಹಾಕಿದೆ.

ದೊಡ್ಡವರ ಬಾಯಲ್ಲಿ ಅದು ಬೇರೆ ಥರ ಓಡಾಡುತ್ತಿತ್ತು. “ನಮ್ಮ ಸಂಘದಾಗೆ ಎಲ್ರಿಗೂ ಸೇ ಐತೆ ಸಾರ್,” ಎಂದು ಬಸವರಾಜಣ್ಣ ಹೇಳುತ್ತಿದ್ದರು, ಎಲ್ಲರ ಪರವಾಗಿ. ಅಧಿಕಾರಿಗಳು ಬರೆದು ತಂದ ಕಾಗದವನ್ನು ಓದಿ ಮುಗಿಸಿ, ನಿಮ್ಮ ಸೇ ಏನಾದರೂ ಇದ್ದರೆ ಹೇಳಿ ಎನ್ನುವಷ್ಟರಲ್ಲಿ ಜೀಪು ಸ್ಟಾರ್ಟ್ ಆಗಿರುತ್ತಿತ್ತು.

ಆ ವರ್ಷದಿಂದ ದಿನಚರಿಯ ಹಿಂಬದಿಯಲ್ಲಿ ಒಂದು ಪಟ್ಟಿ ಮಾಡಿದೆ. ಸಭೆಯಲ್ಲಿ ಯಾರು ಎಷ್ಟು ಸಲ ಮಾತಾಡಿದರು ಎಂದು ಹೆಸರಿನ ಮುಂದೆ ಗೆರೆ. ಯಾರಿಗೂ ತೋರಿಸುತ್ತಿರಲಿಲ್ಲ. ನನಗೆ ಎಣಿಸುವುದು ಅಭ್ಯಾಸ, ಅಷ್ಟೆ.

ಈ ನಡುವೆ ಕೆಲಸದ ರೀತಿ ಬದಲಾಯಿತು. ಕೊಬ್ಬು ಅಳೆಯಲು ಗಾಜಿನ ಕೊಳವೆಗೆ ಆಸಿಡ್ ಹಾಕಿ ತಿರುಗಿಸುವುದು ಹೋಗಿ, ಒಂದು ನಿಮಿಷದಲ್ಲಿ ಅಂಕಿ ತೋರಿಸುವ ಯಂತ್ರ ಬಂತು. ಚೀಟಿ ಹೋಗಿ ಮೊಬೈಲಿಗೆ ಸಂದೇಶ ಬಂತು. ಓದಲು ಬಾರದವರು ಫೋನನ್ನು ನನ್ನ ಮುಂದೆ ಹಿಡಿದು, “ಏನಂತೈತೆ ನೋಡವ್ವ,” ಎನ್ನುತ್ತಿದ್ದರು. ಎಂಟನೇ ವರ್ಷ ಕೂಲರ್ ಬಂತು. ಕ್ಯಾನುಗಳಲ್ಲಿ ತುಂಬಿ ಲಾರಿಗೆ ಕಾಯುವ ಬದಲು ಹಾಲೆಲ್ಲ ಒಂದು ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ತಣ್ಣಗಿರುತ್ತದೆ, ಟ್ಯಾಂಕರ್ ಬಂದಾಗ ಒಯ್ಯುತ್ತದೆ. ಈ ಕೂಲರಿನ ವಿಷಯದಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು.

ಟ್ಯಾಂಕರ್ ಊರೊಳಗೆ ತಿರುಗುವುದಿಲ್ಲ, ಆದ್ದರಿಂದ ಕೂಲರನ್ನೂ ಹಾಲು ಅಳೆಯುವುದನ್ನೂ ಟಾರು ರಸ್ತೆಯ ಆಚೆ ಬದಿಗೆ ಸಾಗಿಸಬೇಕು, ಶನಿವಾರದೊಳಗೆ ನಿರ್ಣಯ ಕಳಿಸಿ ಎಂದು ಒಕ್ಕೂಟದಿಂದ ಫೋನ್ ಬಂತು. ಅದು ರಾಗಿ ಬಿತ್ತನೆಯ ವಾರ. ಜಯಕ್ಕ ಹೊಲದಲ್ಲಿದ್ದರು. ನಾನು ಎಂದಿನಂತೆ ಬರೆದೆ: ‘ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಪುಸ್ತಕ ಹಿಡಿದು ಹೊರಟೆ. ಒಂಬತ್ತು ಸಹಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು.

ಏಳನೇ ಮನೆ ರಂಗಮ್ಮಜ್ಜಿಯದು. ಅರವತ್ತೆಂಟು ವರ್ಷ, ಒಂಟಿ ಹೆಂಗಸು, ಒಂದೇ ಹಸು. ಸಂಘ ಶುರುವಾದಾಗಿನಿಂದ ನಿರ್ದೇಶಕಿ. ಹಳೇ ಹಾಲಿನ ಕೋಣೆ ಅವರ ಮನೆಯಿಂದ ಐವತ್ತು ಹೆಜ್ಜೆ. ಸಹಿ ಕಲಿತದ್ದು ವಯಸ್ಸು ಐವತ್ತು ದಾಟಿದ ಮೇಲೆ. ಆದ್ದರಿಂದ ಸಹಿ ಹಾಕುವುದೆಂದರೆ ಅವರಿಗೆ ಬಲು ಖುಷಿ. ನಾನು ಹೋದಾಗ ಹಸು ತೊಳೆಯುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ತಗೊಂಡು, ಇದೇನು ಎಂದು ಕೇಳಿದರು. ಕೂಲರ್ ಬತ್ತೈತೆ ಅಜ್ಜಿ, ಅದಕ್ಕೆ ಎಂದೆ. ಎಲ್ಲಿಗೆ ಬರುತ್ತದೆ ಎಂದು ನಾನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಇನ್ನೂ ಎರಡು ಮನೆ ಬಾಕಿ ಇತ್ತು. ದಿನಚರಿಯಲ್ಲಿ ಹೀಗಿದೆ: ‘೧೧.೦೫. ರಂಗಮ್ಮ. ಒಂದು ನಿಮಿಷ.’

ಎರಡು ತಿಂಗಳಲ್ಲಿ ಕೂಲರ್ ಬಂತು, ಹೂವು ಹಾಕಿದೆವು, ಫೋಟೋ ತೆಗೆದರು. ಹೊಸ ಜಾಗದಲ್ಲಿ ಅಳತೆ ಶುರುವಾಯಿತು. ರಂಗಮ್ಮಜ್ಜಿ ಬೆಳಗ್ಗೆ ಬರುತ್ತಿದ್ದರು, ನಾಲ್ಕೂವರೆ ಲೀಟರ್. ಪುಸ್ತಕದಲ್ಲಿ ಸಂಜೆಯ ಅಂಕಣ ಖಾಲಿ. ಹಸು ಬತ್ತುತ್ತಿದೆ ಎಂದುಕೊಂಡೆ. ಬತ್ತುವ ಹಸು ಬೆಳಗ್ಗೆಯೂ ಕಡಿಮೆ ಕೊಡುತ್ತದೆ ಎನ್ನುವುದು ಹೊಳೆಯಲು ನನಗೆ ಹನ್ನೊಂದು ದಿನ ಬೇಕಾಯಿತು. ಹನ್ನೆರಡನೇ ದಿನ ಅವರ ಮನೆಗೆ ಹೋದೆ.

ಅಜ್ಜಿ ಕಡ್ಡಿಪೊರಕೆ ಕಟ್ಟುತ್ತಾ ಕೂತಿದ್ದರು. ಸಂಜೆ ಹಾಲನ್ನು ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ಅಕ್ಕಪಕ್ಕದವರಿಗೆ ಕೊಟ್ಟು, ಉಳಿದದ್ದನ್ನು ಹೆಪ್ಪು ಹಾಕುತ್ತಿದ್ದೇನೆ, ಆ ಮಜ್ಜಿಗೆ ಕುಡಿಯಲು ಒಬ್ಬಳಿಂದ ಆಗುತ್ತದಾ ಎಂದರು. ಹಸು ಮಾರುತ್ತೇನೆ, ವ್ಯಾಪಾರಿ ಗುರುವಾರ ಬರುತ್ತಾನೆ ಎನ್ನುವುದನ್ನೂ ಅದೇ ದನಿಯಲ್ಲಿ ಹೇಳಿದರು. ಒಂದು ಹೊತ್ತಿನ ಹಾಲಿಗೆ ಹಸು ಸಾಕುವುದು ಆಗುವ ಮಾತಲ್ಲ. ಆ ಹಸುವಿಗೆ ಹೆಸರಿರಲಿಲ್ಲ. ‘ಇದು’ ಎಂದೇ ಕರೆಯುತ್ತಿದ್ದರು. ಆವತ್ತೂ, “ಇದು ಹೋದ್ರೆ ಬೆಳಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಗೊತ್ತಿಲ್ಲ,” ಎಂದರು.

ದೂರ ಆಯಿತಾ ಎಂದೆ. ಅವರು ಪೊರಕೆ ಕೆಳಗಿಟ್ಟರು.

“ಈಗ ಕೇಳ್ತಿದ್ದೀಯ. ಆವತ್ತು ಪುಸ್ತಕ ತಂದ್ಯಲ್ಲ, ಆವತ್ತು ಕೇಳ್ಲಿಲ್ಲ ಕಣವ್ವ. ಕೇಳಿದ್ರೆ ನಾನೂ ಹೂಂ ಅಂತಿದ್ದೆನೋ ಏನೋ.”

ಎಂಟು ದಿನ ತಡಿರಿ, ನಿಜವಾದ ಸಭೆ ಕರೆಯುತ್ತೇನೆ ಎಂದೆ. ತಡೆದರೆ ಏನಾಗುತ್ತದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ಉತ್ತರ ಅವರಿಗೆ ಸರಿಯೆನಿಸಿದ ಹಾಗೆ ಕಂಡಿತು.

“ತಡೀತೀನಿ. ಆದ್ರೆ ಪುಸ್ತಕ ಮನೆಗೆ ತರ್ಬೇಡ. ನಾನೇ ಬತ್ತೀನಿ.”

ಜಯಕ್ಕನಿಗೆ ವಿಷಯ ತಿಳಿಸಿ, ಏಳು ದಿನದ ನೋಟಿಸ್ ಬರೆದೆ. ಹಿಂದಿನ ನಿರ್ಣಯವನ್ನು ಸಭೆ ಸೇರದೆ ಬರೆದದ್ದು ಎಂದು ನಡಾವಳಿಯಲ್ಲಿ ಸೇರಿಸುತ್ತೇನೆ ಎಂದು ವಿಸ್ತರಣಾಧಿಕಾರಿಗೆ ಫೋನ್ ಮಾಡಿದೆ. ಅವರು, ಹಾಗೆ ಬರೆದರೆ ಅದು ನಿಮ್ಮ ತಲೆಗೇ ಬರುತ್ತದೆ ಸವಿತಾ, ಯೋಚಿಸಿ ಎಂದರು. ಯೋಚಿಸಿದೆ, ಬರೆದೆ. ಬಂತು ಕೂಡ. ಕಾರಣ ಕೇಳಿ ನೋಟಿಸ್, ಕಡತದಲ್ಲಿ ಒಂದು ಎಚ್ಚರಿಕೆ. ಚೈತ್ರಾ, ಅದು ಈಗಲೂ ಬೀರುವಿನ ಎರಡನೇ ಅರೆಯಲ್ಲಿದೆ, ನೋಡಿ ಹೆದರಬೇಡ.

ಸಭೆಯ ದಿನ ಮಧ್ಯಾಹ್ನ ಎರಡೂವರೆಗೆ ಒಂಬತ್ತು ಜನರೂ ಬಂದರು. ನನ್ನ ಪುಸ್ತಕಗಳಲ್ಲಿ ಅದು ಎರಡನೇ ಸಲ. ಬಸವರಾಜಣ್ಣನೂ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ರಂಗಮ್ಮಜ್ಜಿಯ ವಿಷಯ ನಾನು ಶುರುಮಾಡುತ್ತಿದ್ದಂತೆ, ಪಾಪ ದೂರ ಆಗೈತೆ, ಊರೊಳಗೆ ಒಂದು ಕ್ಯಾನ್ ಇಡೋಣ, ನಾನೇ ಗಾಡಿಲಿ ತಂದು ಹಾಕ್ತೀನಿ ಎಂದು ಅವರೇ ತೀರ್ಮಾನ ಹೇಳಿದರು. ಒಳ್ಳೆಯ ತೀರ್ಮಾನವೇ. ಎಲ್ಲರೂ ತಲೆಯಾಡಿಸಿದರು. ನಾನೂ ಪೆನ್ನಿನ ಮುಚ್ಚಳ ತೆಗೆದೆ. ಆಗ ರಂಗಮ್ಮಜ್ಜಿಯ ಮುಖ ನೋಡಿದೆ. ಅವರು ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದರು.

ನಾನು ದಿನಚರಿಯ ಹಿಂಬದಿ ತೆಗೆದು, ಒಂದು ಪಟ್ಟಿ ಓದುತ್ತೇನೆ ಎಂದೆ. ಆರು ವರ್ಷದ ಸಭೆಗಳಲ್ಲಿ ಯಾರು ಎಷ್ಟು ಸಲ ಮಾತಾಡಿದ್ದಾರೆ ಎಂದು. ಒಂಬತ್ತು ಹೆಸರೂ ಓದಿದೆ. ಜಯಕ್ಕ ಹನ್ನೆರಡು ಸಲ, ಅದರಲ್ಲಿ ಒಂಬತ್ತು ಸಲ ವಂದನಾರ್ಪಣೆ. ರಂಗಮ್ಮಜ್ಜಿ ಎರಡು ಸಲ, ಎರಡೂ ಫ್ಯಾನ್ ಹಾಕಿ ಎನ್ನುವುದಕ್ಕೆ. ಕೊನೆಗೆ, ಸದಸ್ಯರಲ್ಲದ ಬಸವರಾಜಣ್ಣ, ಇನ್ನೂರ ಆರು ಎಂದೆ.

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಬಸವರಾಜಣ್ಣ ಕೂಡ ನಗುತ್ತಾ, “ಅಷ್ಟೊಂದಾ? ನೀನು ಹಾಲು ಅಳಿಯೋದು ಬಿಟ್ಟು ನನ್ನ ಮಾತು ಅಳೀತಿದ್ಯಾ?” ಎಂದರು. ಜಯಕ್ಕ ನಗಲಿಲ್ಲ. ಗಂಡನ ಕಡೆ ತಿರುಗದೆಯೇ ಹೇಳಿದರು: “ರೀ, ರಸ್ತೆ ಹೋಟ್ಲಲ್ಲಿ ಹತ್ತು ಟೀ ಹೇಳಿ ಬನ್ನಿ. ಅವಸರ ಏನಿಲ್ಲ.”

ಅವರು ಹೋದರು. ಹೋಗುವಾಗ ಕುರ್ಚಿಯನ್ನು ತಾವೇ ಗೋಡೆಗೆ ಸರಿಸಿಟ್ಟರು.

ಜಯಕ್ಕ ರಂಗಮ್ಮಜ್ಜಿಯನ್ನು ಕೇಳಿದರು. ಅಜ್ಜಿ ಹೇಳಿದ್ದು ನಮ್ಮಲ್ಲಿ ಯಾರೂ ಊಹಿಸಿದ್ದಲ್ಲ. ದೂರ ಅವರಿಗೆ ಕಷ್ಟವಾಗಿರಲಿಲ್ಲ. ಬೆಳಗ್ಗೆ ಬೆಳಕು ಹರಿದ ಮೇಲೆ ಬರುತ್ತಿದ್ದರಲ್ಲ. ಸಂಜೆ ಬೆಳಕು ಇಳಿಯುತ್ತಿದ್ದಂತೆ ಅವರಿಗೆ ಕಣ್ಣು ಮಂಜಾಗುತ್ತದೆ. ಹಳೇ ಕೋಣೆಗೆ ಕಾಲಿನ ಅಂದಾಜಿನಲ್ಲೇ ಬಂದುಬಿಡುತ್ತಿದ್ದರು, ಆದ್ದರಿಂದ ಊರಿಗೇ ಗೊತ್ತಿರಲಿಲ್ಲ. ಈಗ ಐದೂವರೆಗೆ ಬಂದು ಸಾಲಿನಲ್ಲಿ ನಿಂತು ವಾಪಸು ಹೊರಡುವಾಗ, ಹಳೇಬೀಡಿನ ಬಸ್ಸುಗಳ ನಡುವೆ ರಸ್ತೆ ದಾಟಲು ಧೈರ್ಯ ಬರುವುದಿಲ್ಲ. ಅದನ್ನು ಹೇಳಿದರೆ, ಕಣ್ಣು ಕಾಣದವಳಿಗೆ ಹಸು ಯಾಕೆ ಎನ್ನುತ್ತೀರಿ ಎಂದು ಸುಮ್ಮನಿದ್ದರು.

ಇಷ್ಟು ಹೇಳಿ, ಅವರೇ ಒಂದು ಪ್ರಶ್ನೆ ಹಾಕಿದರು.

“ಸಂಜೆ ಐದೂವರೆ ಅಂತ ಇಟ್ಟಿದ್ದು ಲಾರಿ ಆರೂವರೆಗೆ ಬತ್ತಿತ್ತು ಅಂತ ಅಲ್ವಾ? ಈಗ ಲಾರಿ ಇಲ್ಲ. ಹಾಲು ತೊಟ್ಟಿಲಿ ತಣ್ಣಗೆ ಕಾಯ್ತದೆ. ಮತ್ತೆ ನಾವ್ಯಾಕೆ ಐದೂವರೆಗಂಟ ಕಾಯ್ಬೇಕು?”

ದಿನಾ ಕೂಲರ್ ತೊಳೆಯುವ ನನಗೂ ಇದು ಹೊಳೆದಿರಲಿಲ್ಲ. ಅಧಿಕಾರಿಗಳಿಗೂ ಹೊಳೆದಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ನನಗೆ ಗೆರೆ ಎಳೆಯಲು ಆಗಲಿಲ್ಲ, ಆ ಪುಟ ಅರ್ಧಕ್ಕೇ ನಿಂತಿದೆ. ಅಷ್ಟು ಬೇಗ ಕರೆದರೆ ಹಸು ಸರಿಯಾಗಿ ಹಾಲು ಇಳಿಸುವುದಿಲ್ಲ ಎಂದು ಇಬ್ಬರು ಜಗಳಕ್ಕೇ ನಿಂತರು. ಬೇಗ ಮುಗಿದರೆ ಅಡುಗೆಗೆ ಒಳ್ಳೆಯದು ಎಂದು ನಾಲ್ವರು. ಮುಕ್ಕಾಲು ಗಂಟೆ ಕಳೆದ ಮೇಲೆ ನಿಂತ ಮಾತು ಇದು: ನಾಲ್ಕೂವರೆಗೆ ತೆರೆಯುವುದು, ಐದೂಮುಕ್ಕಾಲಿಗೆ ಮುಚ್ಚುವುದು. ಬೇಗ ಬೇಕಾದವರು ಬೇಗ ಬರಲಿ, ತಡ ಬೇಕಾದವರು ತಡ.

ನಾನು ಬರೆಯತೊಡಗಿದೆ. ಜಯಕ್ಕ ಕೈ ಅಡ್ಡ ಹಿಡಿದರು.

“ತಡಿ. ಅಷ್ಟೊತ್ತೂ ಕೂರೋಳು ನೀನಲ್ವಾ? ನಿಂಗಾಗ್ತದಾ?”

ಕಾರ್ಯದರ್ಶಿಗೆ ಮತ ಇಲ್ಲ. ಎಂಟು ವರ್ಷದಲ್ಲಿ ಸಭೆ ನನ್ನನ್ನು ಏನನ್ನೂ ಕೇಳಿರಲಿಲ್ಲ, ನಾನೂ ಎದುರು ನೋಡಿರಲಿಲ್ಲ. ಆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಪಾಠ ಇದೆ ಎಂದು ಹೇಳಿದೆ. ಪಾಠವನ್ನು ಆರೂವರೆಗೆ ಇಟ್ಟುಕೊಂಡರೆ ಆಗುತ್ತದಾ, ಮಕ್ಕಳ ತಾಯಂದಿರಿಗೆ ನಾವು ಹೇಳುತ್ತೇವೆ ಎಂದರು. ಆಗುತ್ತದೆ ಎಂದೆ. ಆಮೇಲೆ ನಿರ್ಣಯ ಬರೆದೆ. ‘ಸರ್ವಾನುಮತ’ ಎಂದು ಬರೆಯಲಿಲ್ಲ. ಇಬ್ಬರು ಒಪ್ಪಲಿಲ್ಲ, ಅವರ ಹೆಸರನ್ನೂ ಅವರು ಹೇಳಿದ್ದನ್ನೂ ಬರೆದೆ. ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆ ಅವರಿಬ್ಬರೇ ಮೊದಲು ಸಹಿ ಹಾಕಿದರು. ರಂಗಮ್ಮಜ್ಜಿ ಕೊನೆಗೆ ಹಾಕಿದರು, ನಾಲ್ಕು ನಿಮಿಷ ತಗೊಂಡರು. ಬಸವರಾಜಣ್ಣ ತಂದ ಟೀ ಆರಿತ್ತು. ಎಲ್ಲರೂ ಕುಡಿದೆವು.

ಮಾರನೇ ದಿನ ಸಂಜೆ ನಾಲ್ಕು ಮೂವತ್ತೆಂಟಕ್ಕೆ ಮೊದಲನೆಯವರಾಗಿ ರಂಗಮ್ಮಜ್ಜಿ ಬಂದರು. ಮೂರು ಲೀಟರ್ ಇನ್ನೂರು. ಹೊತ್ತು ಮುಂಚೆ ಕರೆದದ್ದರಿಂದ ಸ್ವಲ್ಪ ಕಡಿಮೆ. ಗುರುವಾರ ಬಂದ ವ್ಯಾಪಾರಿಯನ್ನು ಎಂಟು ದಿನ ಬಿಟ್ಟು ಬಾ ಎಂದು ಕಳಿಸಿದ್ದರಂತೆ. ಅವನು ಮತ್ತೆ ಬಂದಾಗ, ಸಂಘ ಬೇಡ ಅಂದಿದೆ ಎಂದು ಸುಳ್ಳು ಹೇಳಿ ಕಳಿಸಿದರಂತೆ. ನಾನು ಬಿಟ್ಟು ಬರುವ ದಿನವೂ ಅವರ ಹೆಸರಿನ ಮುಂದೆ ಎರಡೂ ಹೊತ್ತಿನ ಲೆಕ್ಕ ಇತ್ತು.

ಆ ಸಭೆಯಾದ ವಾರ ನಾನು ಹಾಲಿನ ಹಳೇ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ನೋಡಿದೆ. ನನ್ನ ಕಾಲದಲ್ಲಿ ಹಾಲು ಹಾಕುವುದನ್ನು ನಿಲ್ಲಿಸಿದವರು ಹದಿನೇಳು ಹೆಂಗಸರು. ಹನ್ನೊಂದು ಜನರ ಕಾರಣ ತಿಳಿಯಿತು: ಹಸು ಸತ್ತದ್ದು, ಮಗಳ ಮನೆಗೆ ಹೋದದ್ದು, ಹೀಗೆ. ಉಳಿದ ಆರು ಜನರ ಸಾಲು ಒಂದು ದಿನ ಇದೆ, ಮಾರನೇ ದಿನದಿಂದ ಖಾಲಿ. ಆಗ ನಾನು ಕೇಳಲಿಲ್ಲ. ಅವರಲ್ಲಿ ಇಬ್ಬರು ಹಾರನಹಳ್ಳಿ ಕಡೆಗೆ ಹೋಗಿದ್ದಾರೆ ಎಂದು ಕೇಳಿದ್ದೇನೆ, ನಾಲ್ವರು ಎಲ್ಲಿದ್ದಾರೋ ತಿಳಿಯದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ತಮ್ಮ ಹೆಸರು ಅವರಿಗೆ ಗೊತ್ತಿದೆ. ಅವರಾಗಲಿ ಅವರ ಮನೆಯವರಾಗಲಿ ಇದನ್ನು ಓದಿದರೆ, ಯಾಕೆ ನಿಲ್ಲಿಸಿದಿರಿ ಎನ್ನುವುದನ್ನು ಸಂಘಕ್ಕೆ ಒಂದು ಸಾಲು ಬರೆದು ಹಾಕಿ, ಇಲ್ಲವೇ ಯಾರ ಕೈಯಲ್ಲಾದರೂ ಹೇಳಿ ಕಳಿಸಿ. ಚೈತ್ರಾ ನನಗೆ ತಲುಪಿಸುತ್ತಾಳೆ. ಆ ಆರು ಸಾಲುಗಳ ಮುಂದೆ ಜಾಗ ಬಿಟ್ಟಿದ್ದೇನೆ.